ಒಂದೇ ಪಂಕ್ತಿಯ ಪಾಠ

ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರನ್ನು ಬಹುವಚನದಲ್ಲಿ ಮಾತನಾಡಿಸಬೇಕು, ಯಾರನ್ನು ಏಕವಚನದಲ್ಲಿ ಕರೆದರೆ ಸಾಕು ಎಂಬ ತಿಳಿವಳಿಕೆಯನ್ನು ಯಾವ ಮಗುವೂ ಹುಟ್ಟುವಾಗ ಹೊತ್ತು ಬರುವುದಿಲ್ಲ. ಯಾರೂ ಅದನ್ನು ಕೂರಿಸಿಕೊಂಡು ಬೋಧಿಸುವುದೂ ಇಲ್ಲ. ಮನೆಗೆಲಸದ ಹಿರಿಯ ಹೆಂಗಸಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವುದನ್ನು ದಿನವೂ ನೋಡುವ ಮಗುವಿಗೆ ಬೇರೆ ಪಾಠದ ಅಗತ್ಯವಿಲ್ಲ.

ತನ್ನ ಬಗೆಗಿನ ಕಲ್ಪನೆಯನ್ನೂ ಮಗು ಹೀಗೆಯೇ ಕಟ್ಟಿಕೊಳ್ಳುತ್ತದೆ. ಇತರರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ, ಅವರು ನನ್ನನ್ನು ಹೇಗೆ ತೂಗುತ್ತಾರೆ ಎಂಬ ಊಹೆಯಿಂದಲೇ ‘ನಾನು’ ರೂಪುಗೊಳ್ಳುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಪ್ರತಿಪಾದಿಸಿದರು. ಅವರು ಬಳಸಿದ ಹೋಲಿಕೆ ಕನ್ನಡಿಯದು. ಹಾಗಿದ್ದಲ್ಲಿ, ನಮ್ಮ ಮಕ್ಕಳ ಸುತ್ತ ಎಂತಹ ಕನ್ನಡಿಗಳಿವೆ ಎಂಬುದು ಸಾರ್ವಜನಿಕ ಚರ್ಚೆಯ ವಿಷಯವೇ ಆಗುತ್ತದೆ.

ಮನೆಯಲ್ಲಿ ಕಾಣಸಿಗದ ಮುಖಗಳನ್ನು ಮಗುವಿಗೆ ಪರಿಚಯಿಸಬೇಕಾದದ್ದು ಶಾಲೆ. ಎಲ್ಲ ವರ್ಗಗಳ ಮಕ್ಕಳೂ ಕೂಡಿ ಕಲಿಯುವ ನೆರೆಹೊರೆಯ ಸಮಾನ ಶಾಲೆಯನ್ನು ಕೊಠಾರಿ ಆಯೋಗ 1966ರಲ್ಲೇ ಶಿಫಾರಸು ಮಾಡಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳ ಪ್ರವೇಶ ಹಂತದಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಕಾದಿರಿಸಿತು. ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಹೊರತುಪಡಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಗಳಲ್ಲಿ ಈ ಸೀಟು ನೀಡುವುದನ್ನು 2019–20ನೇ ಸಾಲಿನಿಂದ ಕೈಬಿಟ್ಟಿತು.

ಸರ್ಕಾರಿ ಶಾಲೆಗಳು ಬರಿದಾಗುತ್ತಿರುವಾಗ ಸಾರ್ವಜನಿಕ ಹಣ ಖಾಸಗಿ ಶಾಲೆಗಳಿಗೆ ಹೋಗುವುದೇಕೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಬಡವರ ಮಕ್ಕಳನ್ನಷ್ಟೇ ಮರಳಿಸಿದರೆ ಸರ್ಕಾರಿ ಶಾಲೆ ಉಳಿದೀತು, ಸಮಾನ ಶಾಲೆಯಾಗದು.

2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಪಂಕ್ತಿಯನ್ನು ನೋಡಿ. ಹಲವು ಜಾತಿಗಳ ಮಕ್ಕಳು ಅಲ್ಲಿ ಒಟ್ಟಿಗೆ ಉಣ್ಣುತ್ತಾರೆ. ದಲಿತ ಮಹಿಳೆ ಅಡುಗೆ ಮಾಡಿದರೆಂದು ಪೋಷಕರು ಮಕ್ಕಳಿಗೆ ಊಟ ಬಿಡಿಸಿದ ಪ್ರಸಂಗಗಳೂ ವರದಿಯಾಗಿವೆ. ಆದರೂ ಅಲ್ಲಿ ಪ್ರಶ್ನೆ ಎದುರಿಗೇ ಬಂದು ನಿಲ್ಲುತ್ತದೆ. ಶಿಕ್ಷಕರು, ಊರಿನವರು ಅದಕ್ಕೆ ಉತ್ತರಿಸಲೇಬೇಕಾಗುತ್ತದೆ. ದುಬಾರಿ ಶುಲ್ಕದ ನಗರದ ಶಾಲೆಗಳಲ್ಲಿ ಆ ಪ್ರಶ್ನೆ ಏಳುವುದೇ ಅಪರೂಪ. ಅಡುಗೆಯವರ, ಆಟೊ ಚಾಲಕರ, ಪೌರಕಾರ್ಮಿಕರ ಮಕ್ಕಳು ಪಕ್ಕದ ಬೆಂಚಿನಲ್ಲಿ ಇದ್ದರಲ್ಲವೇ ಏಳುವುದು? ತನ್ನಂಥವರ ನಡುವೆಯೇ ಬೆಳೆದ ಮಗು ತನಗೆ ದೊರೆತ ಸವಲತ್ತನ್ನು ಸ್ವಂತ ಯೋಗ್ಯತೆಯೆಂದು ನಂಬುವುದು ಸುಲಭ.

ಮಧ್ಯಮ ವರ್ಗವೂ ಮನಸ್ಸಾರೆ ಆರಿಸಿಕೊಳ್ಳುವಂತಹ ಸರ್ಕಾರಿ ಶಾಲೆಗಳನ್ನು ಕಟ್ಟುವುದು ಸರ್ಕಾರದ ಹೊಣೆ. ಅದಕ್ಕೆ ಬೇಕಾದ ಶಿಕ್ಷಕರನ್ನು, ಹಣವನ್ನು ಅದು ಒದಗಿಸಬೇಕು. ಅಲ್ಲಿಯವರೆಗೆ ಶೇ 25ರ ಬಾಗಿಲನ್ನಾದರೂ ತೆರೆದಿಡಬೇಕು. ಶಾಲೆ ಆರಿಸುವಾಗ ಫಲಿತಾಂಶ, ಶುಲ್ಕಗಳನ್ನು ವಿಚಾರಿಸುವ ಪೋಷಕರು, ಅಲ್ಲಿ ತಮ್ಮ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದನ್ನೂ ಒಮ್ಮೆ ಕೇಳಿಕೊಳ್ಳುವುದು ಒಳಿತು.