ಛಾಯಾಚಿತ್ರ ಉಳಿಯಬೇಕಾದರೆ

ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ಗುಡ್ಡಗಳಲ್ಲಿ ಪ್ರಾಚೀನ ಮಾನವನು ಕಪ್ಪು ಶಿಲೆಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಹಾಗೂ ಮನುಷ್ಯರ ಆಕೃತಿಗಳಿವೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುವುದು. ಈ ಚಿತ್ರಗಳ ವೃತ್ತಾಂತವು 1892ರಲ್ಲಿಯೇ ಅಚ್ಚಾಗಿತ್ತು. ಆದರೆ ಆ ಶತಮಾನದಲ್ಲಿ ತೆಗೆದ ಛಾಯಾಚಿತ್ರಗಳ ಮೂಲಪ್ರತಿಗಳು ಕಳೆದುಹೋದುವು, ಇಲ್ಲವೆ ಮಾಸಿಹೋದುವು. ಇತ್ತ ಕಲ್ಲುಗಣಿಯಿಂದ ಶಿಲೆಗಳಿಗೂ ಅಪಾಯ ಬಂದೊದಗಿತು. ಶಿಲೆ ಅಳಿದಲ್ಲಿ ಛಾಯಾಚಿತ್ರವೊಂದೇ ಸಾಕ್ಷಿ. ಅದೂ ಅಳಿದರೆ ಉಳಿಯುವುದೇನು?

ಇಂದು ಈ ಗುಡ್ಡಗಳಿಗೂ, ಕುರುಗೋಡಿನ ದೇವಾಲಯಗಳಿಗೂ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೂ ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ಹೋಗಬಲ್ಲರು. ಹಿಂದಿರುಗುವಾಗ ಬಸ್ಸಿನಲ್ಲಿಯೇ ಮೆಮೊರಿ ಕಾರ್ಡನ್ನು ಟ್ಯಾಬ್ಲೆಟ್ಟಿಗೆ ಜೋಡಿಸಿ, ಚಿತ್ರಗಳು ಕಂಡೊಡನೆ ಕಿತ್ತುಬಿಡುವುದುಂಟು. ಮರುಬಾರಿ ಕಾರ್ಡು ತೆರೆಯದಿದ್ದರೆ ದೂರೆಲ್ಲವೂ ಕಾರ್ಡಿನ ಮೇಲೆ! ಕಾರ್ಡೂ ಸವೆಯುವುದು, ಕೆಡುವುದು, ನಿಜ. ಆದರೂ ಅನೇಕ ವೇಳೆ ದೋಷವಿರುವುದು ನಮ್ಮ ಆತುರದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕಾರಣವನ್ನು ನೋಡೋಣ. ಕಾರ್ಡಿನ ಸೂಕ್ಷ್ಮ ಕೋಶಗಳಲ್ಲಿ ಚಿತ್ರವು ವಿದ್ಯುದಾವೇಶದ ರೂಪದಲ್ಲಿರುತ್ತದೆ. ಯಾವ ಚಿತ್ರ ಎಲ್ಲಿದೆಯೆಂಬುದನ್ನು ತಿಳಿಸುವ ಸೂಚಿಯೊಂದು, ಗ್ರಂಥಾಲಯದ ಪುಸ್ತಕಪಟ್ಟಿಯಂತೆ, ಅದೇ ಕಾರ್ಡಿನಲ್ಲಿದೆ. ಚಿತ್ರವನ್ನು ನಕಲಿಸದೆ ‘ಸ್ಥಳಾಂತರಿಸಿ’ದಾಗ, ಅಳಿಸಿದಾಗ, ತಿದ್ದಿದಾಗ ಟ್ಯಾಬ್ಲೆಟ್ಟು ಈ ಸೂಚಿಯನ್ನು ಹೊಸದಾಗಿ ಬರೆಯುತ್ತದೆ. ಪರದೆಯ ಮೇಲೆ ಕೆಲಸ ಮುಗಿದಂತೆ ತೋರಿದರೂ ಬರವಣಿಗೆ ಒಳಗೆ ನಡೆಯುತ್ತಲೇ ಇರಬಹುದು. ಆಗ ಕಾರ್ಡನ್ನು ಕಿತ್ತರೆ, ಅಥವಾ ಬ್ಯಾಟರಿ ಬರಿದಾದರೆ, ಸೂಚಿ ಅರ್ಧಕ್ಕೆ ನಿಲ್ಲುವುದು. ಪುಸ್ತಕಗಳು ಕಪಾಟಿನಲ್ಲಿವೆ, ಪಟ್ಟಿ ಮಾತ್ರ ಹರಿದಿದೆ! 32 ಗಿಗಾಬೈಟ್‌ವರೆಗಿನ ಕಾರ್ಡುಗಳ ಫ್ಯಾಟ್32 ವ್ಯವಸ್ಥೆಯು ಮುಖ್ಯ ಕೋಷ್ಟಕದ ಎರಡು ಪ್ರತಿಗಳನ್ನಿರಿಸುತ್ತದೆ. ಅದಕ್ಕಿಂತ ದೊಡ್ಡ ಕಾರ್ಡುಗಳ ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದನ್ನೇ ಇರಿಸುತ್ತದೆ. ಆದುದರಿಂದ ದೊಡ್ಡ ಕಾರ್ಡಿಗೆ ಹೆಚ್ಚಿನ ಎಚ್ಚರ ಸಲ್ಲುತ್ತದೆ.

ಉಪಾಯ ಕಠಿಣವಲ್ಲ. ಕಾರ್ಡ್ ರೀಡರ್ ಟ್ಯಾಬ್ಲೆಟ್ಟಿನಿಂದಲೇ ವಿದ್ಯುತ್ತನ್ನು ಸೆಳೆಯುವುದರಿಂದ ಮೊದಲು ಟ್ಯಾಬ್ಲೆಟ್ಟನ್ನು ಚೆನ್ನಾಗಿ ಚಾರ್ಜ್ ಮಾಡಬೇಕು. ದೊಡ್ಡ ಗಾತ್ರದ ಎಸ್‌ಡಿ ಕಾರ್ಡಿನ ಅಂಚಿನಲ್ಲಿರುವ ಪುಟ್ಟ ಬೀಗವನ್ನು ಸರಿಸಿದರೆ ಸಾಮಾನ್ಯವಾಗಿ ಓದು ಮಾತ್ರ ಸಾಧ್ಯ, ಬರಹವಿಲ್ಲ. ಚಿತ್ರಗಳನ್ನು ನಕಲಿಸಬೇಕೇ ಹೊರತು ಸ್ಥಳಾಂತರಿಸಬಾರದು. ಟ್ಯಾಬ್ಲೆಟ್ಟಿಗೆ ಸೂಚನೆಯಿತ್ತು, ಅದು ಕಾರ್ಡನ್ನು ಬಿಟ್ಟುಕೊಟ್ಟ ಮೇಲೆಯೇ ಹೊರತೆಗೆಯಬೇಕು. ನಕಲುಗಳನ್ನು ಪೂರ್ಣಗಾತ್ರದಲ್ಲಿ ತೆರೆದು ಪರೀಕ್ಷಿಸಿ, ಬೇರೆಡೆ ಇನ್ನೊಂದು ಪ್ರತಿ ಮಾಡಿದ ತರುವಾಯವೇ ಬೀಗ ತೆಗೆದು ಕಾರ್ಡನ್ನು ಬರಿದು ಮಾಡಬೇಕು. ಅದನ್ನೂ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡುವುದು ಲೇಸು.

ಕಾರ್ಡು ಕೆಟ್ಟೇಹೋಯಿತೆನ್ನಿ, ಧೈರ್ಯಗೆಡಬೇಕಾಗಿಲ್ಲ. ‘ಫಾರ್ಮ್ಯಾಟ್ ಮಾಡಲೇ?’ ಎಂದು ಯಂತ್ರ ಕೇಳಿದರೆ ಒಪ್ಪಬೇಡಿ; ಹೊಸ ಚಿತ್ರ ತೆಗೆಯಬೇಡಿ. ಪ್ರತಿಯೊಂದು ಚಿತ್ರದ ಆರಂಭದಲ್ಲಿಯೂ ಒಂದು ನಿಶ್ಚಿತ ಗುರುತಿರುತ್ತದೆ. ಸೂಚಿಯಿಲ್ಲದೆಯೂ ಆ ಗುರುತಿನಿಂದ ಚಿತ್ರಗಳನ್ನು ಹುಡುಕುವ ತಂತ್ರಾಂಶಗಳು ಕಂಪ್ಯೂಟರಿಗೆ ದೊರೆಯುತ್ತವೆ.

‘ಒಂದು ಕಾರ್ಡು ಹೋದರೆ ಇನ್ನೊಂದು ಕೊಂಡರಾಯಿತು’ ಎನ್ನುವವರುಂಟು. ಕಾರ್ಡನ್ನೇನೋ ಅಂಗಡಿಯಲ್ಲಿ ಕೊಳ್ಳಬಹುದು. ಗಣಿಯ ಪಾಲಾದ ಬಂಡೆಯ ಚಿತ್ರವನ್ನು ಯಾವ ಅಂಗಡಿಯಲ್ಲಿ ಕೊಳ್ಳೋಣ? ಸಾವಿರಾರು ವರ್ಷ ಬಾಳಿದ ರೇಖೆಗಳನ್ನು ದಾಖಲಿಸಹೊರಟ ನಾವು ಹತ್ತು ನಿಮಿಷ ತಾಳಲಾರೆವೇ?