ಕಾನೂನು ಬಿಟ್ಟರೂ ಪಂಚರು ಬಿಡರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಇದೆ. ಆದರೆ ಅದೇ ಜಗಳ ಜಾತಿ ಪಂಚಾಯತಿಯ ಕಟ್ಟೆ ಏರಿದರೆ ಹೆಣ್ಣಿನ ಪಾಲಿಗೆ ಅದು ಮುಗಿಯುವುದೇ ಇಲ್ಲ. 2021ರಲ್ಲಿ ಮಹಾರಾಷ್ಟ್ರದಲ್ಲಿ ಬೆಳಕಿಗೆ ಬಂದ ಪ್ರಕರಣವೊಂದು ಇದಕ್ಕೆ ಉದಾಹರಣೆ. 2015ರಲ್ಲಿ ವಿಚ್ಛೇದನ ಪಡೆದ ಮಹಿಳೆಯೊಬ್ಬರು 2019ರಲ್ಲಿ ಮರುಮದುವೆಯಾದರು. ಅಕೋಲಾ ಜಿಲ್ಲೆಯಲ್ಲಿ ಸೇರಿದ ಪಂಚರು ಆ ಮದುವೆಯನ್ನು ಒಪ್ಪಲಿಲ್ಲ. ತಾವು ಬಾಳೆ ಎಲೆಯ ಮೇಲೆ ಉಗುಳಿದ್ದನ್ನು ಆಕೆ ನೆಕ್ಕಬೇಕು, ಒಂದು ಲಕ್ಷ ರೂಪಾಯಿ ದಂಡ ಕೊಡಬೇಕು ಎಂದು ಪಂಚರು ತೀರ್ಪಿತ್ತರೆಂಬುದು ದೂರು. ಆಕೆ ಪೊಲೀಸರ ಬಳಿಗೆ ಹೋದರು.

ಆಕೆಯ ಕೈಯಲ್ಲಿ ಕಾನೂನು ಇತ್ತು. ಸಾಮಾಜಿಕ ಬಹಿಷ್ಕಾರ ತಡೆಗೆ ಮಹಾರಾಷ್ಟ್ರ ಶಾಸನಸಭೆ 2016ರಲ್ಲಿ ಒಪ್ಪಿದ ಕಾಯ್ದೆ 2017ರ ಜುಲೈಯಿಂದ ಜಾರಿಯಲ್ಲಿದೆ. ತಪ್ಪಿತಸ್ಥರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಮುಂಬಯಿ ಸರಕಾರ 1949ರಲ್ಲೇ ಇಂಥ ಕಾಯ್ದೆ ತಂದಿತ್ತು; ಧಾರ್ಮಿಕ ಸ್ವಾತಂತ್ರ್ಯದ ನೆಲೆಯಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ ಅದನ್ನು ರದ್ದುಗೊಳಿಸಿತು. ನಡುವಿನ ಅರ್ಧ ಶತಮಾನ ಪಂಚರನ್ನು ಕೇಳುವವರು ಕಡಿಮೆ.

ಹಿಂದೂ ವಿವಾಹ ಕಾಯ್ದೆ ರೂಢಿಯ ಸೋಡಚೀಟಿಯನ್ನು ಮಾನ್ಯ ಮಾಡುತ್ತದೆ ಎಂಬುದು ಪಂಚರ ಪರ ಇರುವವರ ವಾದ. ಅದು ನಿಜವೇ. ಆದರೆ ಆ ಮಾನ್ಯತೆ ಬಿಡುಗಡೆ ಪಡೆಯುವ ಹಕ್ಕಿಗೆ, ಶಿಕ್ಷೆ ಕೊಡುವ ಅಧಿಕಾರಕ್ಕಲ್ಲ. ಕಟ್ಟೆ ಪಂಚಾಯತಿಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2011ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಗಡಿಯ ಯಾವ ಬದಿಯಲ್ಲಿದ್ದರೂ ಮಾತು ಒಂದೇ.

ಹಾಗಾದರೆ ಜನ ಪಂಚರ ಮಾತನ್ನೇ ಕೇಳುವುದೇಕೆ? ಕೋರ್ಟು ತಾಲೂಕಿನಲ್ಲಿದೆ, ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಪಂಚರು ಒಂದೇ ಕೂಟದಲ್ಲಿ ಮುಗಿಸುತ್ತಾರೆ. ಎರಡನೆಯದು ಭಯ. ಮರಾಠಿಯಲ್ಲಿ 'ವಾಳೀತ್ ಟಾಕಣೆ' ಎಂದರೂ, ಕನ್ನಡದಲ್ಲಿ ಕುಲದಿಂದ ಹೊರಗೆ ಹಾಕುವುದು ಎಂದರೂ ಶಿಕ್ಷೆ ಹೆಣ್ಣೊಬ್ಬಳಿಗೆ ನಿಲ್ಲುವುದಿಲ್ಲ. ತಂಗಿಯ ಮದುವೆ ನಿಲ್ಲುತ್ತದೆ, ತಂದೆಯ ಹೆಣ ಹೊರಲು ಜನ ಬರುವುದಿಲ್ಲ. ಅದಕ್ಕೇ ತವರಿನವರೇ ಸಾಲ ಮಾಡಿ ದಂಡ ಕಟ್ಟಿ, ಮಗಳಿಗೆ ಸುಮ್ಮನಿರು ಎನ್ನುತ್ತಾರೆ. ಸಂತ್ರಸ್ತರ ಒಪ್ಪಿಗೆ ಮತ್ತು ಕೋರ್ಟಿನ ಅನುಮತಿಯಿಂದ ರಾಜಿಯಾಗಲು ಹೊಸ ಕಾಯ್ದೆಯಲ್ಲೂ ಅವಕಾಶವಿದೆ. ಒತ್ತಾಯದ ಒಪ್ಪಿಗೆ ನುಸುಳುವುದು ಇಲ್ಲಿಯೇ.

ಹಿರಿಯರು ಕೂಡಿ ಬುದ್ಧಿ ಹೇಳುವುದು ತಪ್ಪಲ್ಲ. ಮಹಾರಾಷ್ಟ್ರದಲ್ಲಿ 2007ರಲ್ಲಿ ಆರಂಭವಾದ ತಂಟಾಮುಕ್ತ ಗಾವ್ ಮೋಹೀಮಿನ ಉದ್ದೇಶವೂ ರಾಜಿಯೇ. ಆದರೆ ರಾಜಿಗೆ ಇಬ್ಬರ ಒಪ್ಪಿಗೆ ಬೇಕು. ದಂಡ, ಅವಮಾನ, ಬಹಿಷ್ಕಾರ ಬಂದಲ್ಲಿ ಅದು ರಾಜಿಯಲ್ಲ, ಅಪರಾಧ. ಕೋರ್ಟಿನ ಖರ್ಚಿಗೆ ಹೆದರಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ದೂರು ಕೊಟ್ಟವಳ ಬೆನ್ನಿಗೆ ಮೊದಲು ತವರು ನಿಂತರೆ ಪಂಚರ ಕಟ್ಟೆ ತಾನಾಗಿ ಬರಿದಾಗುತ್ತದೆ.