ಥೀಸಿಸ್ ಮುಗಿದ ಮೇಲೆ ಸಂಶೋಧಕರು ಎಲ್ಲಿಗೆ ಹೋಗಬೇಕು?

ಚೆನ್ನೈನ ಸೌಕಾರ್‌ಪೇಟೆಯ ಉತ್ತರಕ್ಕೆ ಸ್ಟಾನ್ಲಿ ವೈದ್ಯಕೀಯ ಕಾಲೇಜು, ದಕ್ಷಿಣಕ್ಕೆ ಸೆಂಟ್ರಲ್ ರೈಲು ನಿಲ್ದಾಣದ ಎದುರು 1835ರಲ್ಲಿ ಶುರುವಾದ ಮದ್ರಾಸ್ ವೈದ್ಯಕೀಯ ಕಾಲೇಜು. ಭಾರತಕ್ಕೂ ಎಚ್‌ಐವಿ ಕಾಲಿಟ್ಟಿದೆ ಎಂಬುದು ಮೊದಲು ಗೊತ್ತಾದದ್ದು ಈ ಎರಡನೆಯ ಕಾಲೇಜಿನ ಒಂದು ಎಂ.ಡಿ. ಥೀಸಿಸ್‌ನಿಂದ. ಅದರ ಹಿಂದೆ ದೊಡ್ಡ ಅನುದಾನವಿರಲಿಲ್ಲ. ಪದವಿಗಾಗಿ ಬರೆಯಲೇಬೇಕಿದ್ದ ಪ್ರಬಂಧ ಅದು.

ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ವಿಷಯ ಸೂಚಿಸಿದವರು ಗೈಡ್ ಸುನೀತಿ ಸೊಲೊಮನ್. ಏಡ್ಸ್ ಏನಿದ್ದರೂ ಪಶ್ಚಿಮದವರ ರೋಗ ಎಂದು ಇಲ್ಲಿನವರು ನಂಬಿದ್ದ ಕಾಲವದು. ನಿರ್ಮಲಾ ಮೊದಲು ಹಿಂಜರಿದರು, ಪತಿ ಧೈರ್ಯ ತುಂಬಿದರು. ಲೈಂಗಿಕ ಕಾರ್ಯಕರ್ತೆಯರನ್ನು ಹಿಡಿದಿಡುತ್ತಿದ್ದ ಸರ್ಕಾರಿ ನಿಲಯಕ್ಕೆ ಹೋಗಿ ಎಂಬತ್ತಕ್ಕೂ ಹೆಚ್ಚು ರಕ್ತದ ಮಾದರಿ ಸಂಗ್ರಹಿಸಿದರು. ಕೈಗವಸು ಇರಲಿಲ್ಲ. ಮಾದರಿಗಳನ್ನು ಇಡಲು ಸರಿಯಾದ ಜಾಗವೂ ಇಲ್ಲದೆ ಮನೆಯ ಫ್ರಿಜ್ಜಿನಲ್ಲಿಟ್ಟರು. ಯಾವುದಕ್ಕಾಗಿ ರಕ್ತ ತೆಗೆಯುತ್ತಿದ್ದಾರೆಂದು ಆ ಹೆಂಗಸರಿಗೆ ಯಾರೂ ಹೇಳಲಿಲ್ಲ. ಈ ಕಥೆಯನ್ನು ಹೆಮ್ಮೆಯಿಂದ ಹೇಳುವಾಗ ಈ ಮಾತನ್ನು ಬಿಟ್ಟುಬಿಡಬಾರದು. ಇಂದಿನ ಎಥಿಕ್ಸ್ ಕಮಿಟಿ ಇದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು.

ಎಚ್‌ಐವಿ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯ ಸೌಲಭ್ಯ ಆಗ ಚೆನ್ನೈನಲ್ಲಿರಲಿಲ್ಲ. 1986ರ ಫೆಬ್ರುವರಿಯಲ್ಲಿ ಗಂಡ ಹೆಂಡತಿ ಮಾದರಿಗಳನ್ನು ಐಸ್‌ಪೆಟ್ಟಿಗೆಯಲ್ಲಿಟ್ಟುಕೊಂಡು ರಾತ್ರಿ ರೈಲಿನಲ್ಲಿ ಕಾಟ್ಪಾಡಿಗೆ, ಅಲ್ಲಿಂದ ಆಟೊದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ (ಸಿಎಂಸಿ) ಹೋದರು. ಅಲ್ಲಿ ವೈರಾಣು ವಿಭಾಗದ ಮುಖ್ಯಸ್ಥರಾಗಿದ್ದ ಟಿ. ಜೇಕಬ್ ಜಾನ್ ತಮ್ಮ ಇಬ್ಬರು ಕಿರಿಯರನ್ನು ಜತೆಗೆ ಕೊಟ್ಟರು. ಮಧ್ಯಾಹ್ನ ಕರೆಂಟು ಹೋಯಿತು, ಎಲ್ಲರೂ ಚಹಾಕ್ಕೆ ಎದ್ದರು. ಮರಳಿ ಬಂದು ಮುಚ್ಚಳ ತೆಗೆದಾಗ ಆರು ಮಾದರಿಗಳು ಹಳದಿಯಾಗಿದ್ದವು, ಅಂದರೆ ಅವುಗಳಲ್ಲಿ ಸೋಂಕಿತ್ತು. ಅಮೆರಿಕದಲ್ಲಿ ನಡೆದ ಮರುಪರೀಕ್ಷೆಯೂ ಅದನ್ನೇ ಹೇಳಿತು.

ಈ ಸಾಧನೆಯನ್ನು ಒಬ್ಬರ ಪ್ರತಿಭೆಯ ಲೆಕ್ಕಕ್ಕೆ ಬರೆಯುವುದು ಸುಲಭ. ನನಗೆ ಕಾಣುವುದು ಬೇರೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೇ ವಿದ್ಯಾರ್ಥಿಯ ಕೈಗಿಟ್ಟ ಗೈಡ್, ಬೇರೆ ಕಾಲೇಜಿನ ವಿದ್ಯಾರ್ಥಿನಿಗೆ ಪ್ರಯೋಗಾಲಯದ ಬಾಗಿಲು ತೆರೆದ ಸಂಸ್ಥೆ, ಮಕ್ಕಳಿರುವ ಮನೆಯಲ್ಲಿ ಭಾರ ಹಂಚಿಕೊಂಡ ಗಂಡ. ಸಂಶೋಧನೆಯ ವಾತಾವರಣ ಅಂದರೆ ಇದು.

ಆಮೇಲೆ ಏನಾಯಿತು? 1987ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಲೇಖನ ಬಂತು. ಲೇಖಕರ ಸಾಲಿನಲ್ಲಿ ನಿರ್ಮಲಾ ನಾಲ್ಕನೆಯವರು. ಥೀಸಿಸ್ ಒಪ್ಪಿಸಿ, ಪರೀಕ್ಷೆ ಪಾಸು ಮಾಡಿ, ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲಸಿಕೆ ಪರೀಕ್ಷೆಯ ಕೆಲಸಕ್ಕೆ ಸೇರಿ 2010ರಲ್ಲಿ ನಿವೃತ್ತರಾದರು. ಅದೂ ಘನವಾದ ಕೆಲಸವೇ. ಆದರೆ ದೇಶದ ಆರೋಗ್ಯ ನೀತಿಯನ್ನೇ ಬದಲಿಸಿದ ಒಂದು ಪ್ರಶ್ನೆಯ ಬೆನ್ನು ಹತ್ತಿದವರು ಅದನ್ನೇ ಮುಂದುವರಿಸಿಕೊಂಡು ಹೋಗಬಹುದಾದ ಹುದ್ದೆ ನಮ್ಮ ವ್ಯವಸ್ಥೆಯಲ್ಲಿ ಇರಲಿಲ್ಲ. ಗುರು ಸುನೀತಿ ಕೂಡ ಈ ಕೆಲಸ ಮುಂದುವರಿಸಲು 1993ರಲ್ಲಿ ವೈಆರ್‌ಜಿ ಕೇರ್ ಎಂಬ ಸಂಸ್ಥೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

ಇಂದು ಬೆಂಗಳೂರಿನ ಯಾವ ವೈದ್ಯಕೀಯ ಸ್ನಾತಕೋತ್ತರ (ಪಿ.ಜಿ.) ವಿದ್ಯಾರ್ಥಿಯನ್ನು ಕೇಳಿದರೂ ಥೀಸಿಸ್ ಅಂದರೆ ಮೊದಲ ತಿಂಗಳುಗಳಲ್ಲಿ ಧಾವಂತದಿಂದ ಬರೆದ ಸಿನಾಪ್ಸಿಸ್, ಮೂರನೆಯ ವರ್ಷದಲ್ಲಿ ನೈಟ್ ಡ್ಯೂಟಿಗಳ ನಡುವೆ ತುಂಬಿದ ಕೋಷ್ಟಕಗಳು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಪಿ.ಜಿ.ಗಳಿಗೆ ಕಡ್ಡಾಯ ಮಾಡಿದ್ದು ಒಳ್ಳೆಯದೇ. ಆದರೆ ಕೋರ್ಸು ವಿಧಾನ ಕಲಿಸುತ್ತದೆ, ಪ್ರಶ್ನೆ ಹುಟ್ಟಿಸುವುದು ಗೈಡ್‌ನ ಬಿಡುವು. ನೂರಾರು ಹೊರರೋಗಿಗಳನ್ನು ನೋಡಿ ಬರುವ ಪ್ರಾಧ್ಯಾಪಕರಿಗೆ ಅದು ಎಲ್ಲಿಂದ ಬರಬೇಕು?

ಪಿಎಚ್.ಡಿ. ವಿದ್ಯಾರ್ಥಿಗಳದ್ದು ಇನ್ನೊಂದು ಸಂಕಟ. 2023ರಲ್ಲಿ ಕಿರಿಯ ಸಂಶೋಧಕರ ಫೆಲೊಶಿಪ್ (ಜೆಆರ್‌ಎಫ್) ತಿಂಗಳಿಗೆ 31 ಸಾವಿರದಿಂದ 37 ಸಾವಿರ ರೂಪಾಯಿಗೆ ಏರಿತು. ಆ ಹಣ ತಿಂಗಳುಗಟ್ಟಲೆ ಬಾಕಿ ಉಳಿದರೆ ಬಾಡಿಗೆ ಕಟ್ಟುವುದು ಹೇಗೆ ಎಂಬ ಚಿಂತೆಯಲ್ಲೇ ಪ್ರಯೋಗ ನಡೆಯಬೇಕು. ವಾರ್ಡಿನ ವೈದ್ಯರೂ ಪ್ರಯೋಗಾಲಯದ ವಿಜ್ಞಾನಿಯೂ ಒಂದೇ ಊರಲ್ಲಿದ್ದು ಭೇಟಿಯಾಗದಿರುವುದು ನಮ್ಮಲ್ಲಿ ಸಾಮಾನ್ಯ. ಈ ಗೋಡೆ ಒಡೆಯಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) 2022ರಲ್ಲಿ 425 ಕೋಟಿ ರೂಪಾಯಿ ದೇಣಿಗೆಯಿಂದ ಆಸ್ಪತ್ರೆ ಕಟ್ಟುವ, ಎಂ.ಡಿ. ಮತ್ತು ಪಿಎಚ್.ಡಿ. ಜೋಡಿಸಿದ ಶಿಕ್ಷಣ ಕೊಡುವ ಯೋಜನೆ ಪ್ರಕಟಿಸಿತು. ನಾನು ಅದನ್ನು ಸ್ವಾಗತಿಸುತ್ತೇನೆ.

ಆದರೆ ನಿರ್ಮಲಾ ಅಂಥವರು ಬರುವುದು ಹೆಚ್ಚಾಗಿ ಸರ್ಕಾರಿ ಕಾಲೇಜುಗಳಿಂದ. ಕಲಬುರಗಿ, ಹುಬ್ಬಳ್ಳಿ, ಸ್ಟಾನ್ಲಿಯಂಥ ಕಡೆ ವಾರದಲ್ಲಿ ಎರಡು ದಿನ ಡ್ಯೂಟಿಯಿಂದ ಬಿಡುಗಡೆ ಇರುವ ಸಂಶೋಧನಾ ಹುದ್ದೆ ಪ್ರತಿ ವಿಭಾಗಕ್ಕೆ ಒಂದಾದರೂ ಬೇಕು. ಹತ್ತಿರದ ದೊಡ್ಡ ಪ್ರಯೋಗಾಲಯದಲ್ಲಿ ಪಿ.ಜಿ.ಗಳು ಮಾದರಿ ಪರೀಕ್ಷಿಸಿಕೊಳ್ಳಲು ಸರ್ಕಾರಗಳೇ ಒಪ್ಪಂದ ಮಾಡಿಕೊಡಬೇಕು. ಮುಂದಿನ ಬಜೆಟ್ಟಿನಲ್ಲಿ ಕಟ್ಟಡಕ್ಕಿಂತ ಮೊದಲು ಈ ಹುದ್ದೆಗಳಿಗೆ ಹಣ ಇಡಲಿ.